ಅತ್ತೆ ಮನೆ ತಿರುವಿನಲ್ಲಿ ಸೋತ ರೇಸು

ನಾನು ಸೈಕಲ್ ರೇಸಿನಲ್ಲಿ ಸೋತದ್ದು ಕಾಲಿನಲ್ಲಿ ಬಲವಿಲ್ಲದೆ ಅಲ್ಲ ಎಂದು ಇವತ್ತಿಗೂ ವಾದಿಸುತ್ತೇನೆ. ಬಲಕ್ಕೆ ಪುರಾವೆಯೂ ಇತ್ತು: ಸುಟ್ಟುಹೋದ ಒಂದು ಡೈನಮೋ ಬಲ್ಬು. ತೊಂಬತ್ತರ ದಶಕದ ಕೊನೆಯ ಮಾತು. ದೊಡ್ಡ ದೊಡ್ಡ ಸವಾರರ ಬಲವನ್ನು ವ್ಯಾಟ್ ಲೆಕ್ಕದಲ್ಲಿ ಅಳೆಯುತ್ತಾರೆಂದು ಯಾವುದೋ ಪತ್ರಿಕೆಯಲ್ಲಿ ಓದಿದ್ದೆ. ಅಳೆಯುವ ಯಂತ್ರ ಶಿರಸಿಯಲ್ಲಿ ಎಲ್ಲಿ ಸಿಗಬೇಕು? ಸಂಜೆ ಹೊತ್ತು ಸೈಕಲ್ ದೀಪದ ಡೈನಮೋವನ್ನು ಚಕ್ರಕ್ಕೆ ಒತ್ತಿ ತುಳಿಯತೊಡಗಿದೆ. ದೀಪ ಬೆಳ್ಳಗೆ ಉರಿದಷ್ಟೂ ನಾನು ಬಲಶಾಲಿ. ಒಂದು ದಿನ ಬಲ್ಬು ಪಟ್ಟನೆ ಸುಟ್ಟಿತು. ಅದನ್ನು ಜೇಬಿನಲ್ಲಿಟ್ಟುಕೊಂಡು ಕಾಲೇಜಿನಲ್ಲೆಲ್ಲ ತೋರಿಸಿದೆ. ಸುಟ್ಟದ್ದು ಎಲ್ಲಿ ಎಂದು ಯಾರೂ ಕೇಳಲಿಲ್ಲ, ಇಳಿಜಾರಿನಲ್ಲಿ ಎಂದು ನಾನೂ ಹೇಳಲಿಲ್ಲ.

ರೇಸು ಶಿರಸಿಯಿಂದ ಯಲ್ಲಾಪುರಕ್ಕೆ. ಮೊದಲು ಮುಟ್ಟಿದವನಿಗೆ ಜಿಲ್ಲಾ ತಂಡದಲ್ಲಿ ಜಾಗ. ಆ ಜಾಗಕ್ಕಾಗಿ ನಾನು ಹಪಹಪಿಸುತ್ತಿದ್ದೆ, ಏಕೆಂದರೆ ಅದುವರೆಗೆ ಊಟದ ಪಂಕ್ತಿ ಬಿಟ್ಟು ಬೇರೆಲ್ಲೂ ನಾನು ಮೊದಲು ಬಂದವನಲ್ಲ.

ತಂತ್ರವೂ ಸಿದ್ಧವಿತ್ತು. ಬನವಾಸಿ ಕಡೆಯ ಒಬ್ಬ ಸವಾರನಿದ್ದ, ಬಾಗಿಲಿನಷ್ಟು ಅಗಲದ ಬೆನ್ನಿನವನು. ಅವನ ಹಿಂದೆಯೇ ಅಂಟಿಕೊಂಡರೆ ಎದುರುಗಾಳಿ ನನಗೆ ತಾಗುವುದಿಲ್ಲ; ದಣಿವೆಲ್ಲ ಅವನದು. ಮಂಚಿಕೇರಿ ಹತ್ತಿರ ಬಂದೊಡನೆ ಅವನನ್ನು ಬಿಟ್ಟು ಮುಂದೆ ನುಗ್ಗುವುದು. ಅಲ್ಲೇ ಯಾಕೆಂದರೆ ಅಲ್ಲಿ ರಸ್ತೆಯ ಪಕ್ಕ ನನ್ನ ಸೋದರತ್ತೆಯ ಮನೆ. ನಾನು ಒಬ್ಬನೇ ಮುಂದೆ ಬರುವುದನ್ನು ಅತ್ತೆ ನೋಡಲಿ ಎಂದು ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿ ಕಳಿಸಿದ್ದೆ. ನಾನು ಮುಂದೆ ಬರುವುದನ್ನು ನೋಡಲು ಮಂಚಿಕೇರಿಯಲ್ಲಿ ಅತ್ತೆ ರಸ್ತೆಗೇ ಬಂದು ನಿಂತಿರುತ್ತಾಳೆ ಎಂದು ರೇಸು ಹೊರಡುವ ಮುಂಚೆ ಬನವಾಸಿಯವನ ಎದುರೂ ಕೊಚ್ಚಿಕೊಂಡೆ. ಅವನು ನಕ್ಕು ಟೈರಿನ ಗಾಳಿ ಒತ್ತಿ ನೋಡಿದ.

ಭೈರುಂಬೆ ದಾಟುವವರೆಗೂ ಅವನ ಬೆನ್ನು ಬಿಟ್ಟು ನಾನು ಇನ್ನೇನನ್ನೂ ನೋಡಲಿಲ್ಲ. ಮಂಚಿಕೇರಿ ಹತ್ತಿರ, ಎಣಿಸಿದಲ್ಲಿಯೇ ನುಗ್ಗಿದೆ. ತಿರುಗಿ ನೋಡಿದರೆ ಯಾರೂ ಬೆನ್ನಟ್ಟುತ್ತಿಲ್ಲ. ನನ್ನ ವೇಗಕ್ಕೆ ಹೆದರಿದರು ಎಂದುಕೊಂಡೆ.

ತಿರುವಿನಲ್ಲಿ ಅತ್ತೆ ನಡುರಸ್ತೆಗೇ ಬಂದು, ಬಸ್ಸಿಗೆ ಅಡ್ಡ ಹಿಡಿಯುವ ಹಾಗೆ ಒಂದು ಕೈ ಚಾಚಿ ನಿಂತಿದ್ದಳು. ಇನ್ನೊಂದು ಕೈಯಲ್ಲಿ ಹಬೆಯಾಡುವ ಕಷಾಯದ ಲೋಟ.

“ಬಾರೋ ತಮಾ, ಆಸ್ರಿಗೆ ಕುಡ್ಕಂಡು ಹೋಗು.”

“ಅತ್ತೆ, ರೇಸು!”

“ರೇಸು ಎಲ್ಲಿಗೂ ಹೋಗ್ತಿಲ್ಲೆ. ಬಿಸಿ ಇದ್ದು, ನಿಧಾನ ಕುಡಿ. ಅಮ್ಮಂಗೆ ಸೊಂಟನೋವು ಕಡ್ಮೆ ಆತನಾ?”

ಅತ್ತೆ ಕೊಟ್ಟದ್ದನ್ನು ಮುಟ್ಟದೆ ಹೋದರೆ ಆ ಸುದ್ದಿ ನನಗಿಂತ ಮೊದಲು ನಮ್ಮ ಮನೆ ಮುಟ್ಟುತ್ತದೆ. ಇಳಿದೆ. ಊದಿ ಊದಿ ಕುಡಿದೆ. ಅಮ್ಮನ ಸೊಂಟದ ವಿಷಯ ಮುಗಿದು ಎಮ್ಮೆ ಕರು ಹಾಕಿದ ವಿಷಯಕ್ಕೆ ಬರುವಷ್ಟರಲ್ಲಿ ಬನವಾಸಿಯವನು, ಅವನ ಹಿಂದೆ ಉಳಿದವರು, ಒಬ್ಬೊಬ್ಬರಾಗಿ ದಾಟಿಹೋದರು. ನಾಲಿಗೆ ಸುಟ್ಟುಕೊಂಡು ಬೆನ್ನಟ್ಟಿದೆ. ಬೇಡ್ತಿ ಸೇತುವೆಯ ಆಚೆಗಿನ ಏರಿನಲ್ಲಿ ನನ್ನ ಬಲ ಎಷ್ಟು ವ್ಯಾಟ್ ಎಂಬುದು ನನಗೇ ಗೊತ್ತಾಯಿತು. ಯಲ್ಲಾಪುರದಲ್ಲಿ ಹೂಮಾಲೆ ಬಿದ್ದದ್ದು ಬನವಾಸಿಯವನ ಕೊರಳಿಗೆ.

“ನಾ ಮುಂದೆ ಹೋದಾಗ ಯಾಕೆ ಬೆನ್ನಟ್ಟಲಿಲ್ಲ?” ಎಂದು ಕೇಳಿದೆ.

“ಯಾಕ್ ದಣೀಬೇಕ್ರಿ? ನಿಮ್ಮತ್ತಿ ರಸ್ತ್ಯಾಗ ನಿಂತಿರ್ತಾರಂತ ನೀವೇ ಹೇಳಿದ್ರಲ್ಲ. ನಿಮ್ಮ ಕಡೆ ಮಂದಿ ಬರಿಗೈಲಿ ನಿಲ್ತಾರೇನ್ರಿ?”

ನನಗೆ ಅಳುವೇ ಬಂತು. ತಂತ್ರ ಎಂದರೆ ಏನು ಎಂದು ಪತ್ರಿಕೆ ಓದಿದ ನನಗಿಂತ ಅವನಿಗೆ ಚೆನ್ನಾಗಿ ತಿಳಿದಿತ್ತು.

ಸೈಕಲ್‌ಗಳನ್ನು ಟೆಂಪೋಕ್ಕೆ ಹೇರಿಕೊಂಡು ಎಲ್ಲರೂ ಒಟ್ಟಿಗೆ ವಾಪಸು ಹೊರಟೆವು. ಅದೇ ತಿರುವಿನಲ್ಲಿ ಅತ್ತೆ ಅದೇ ಕೈ ಚಾಚಿ ಟೆಂಪೋ ನಿಲ್ಲಿಸಿದಳು. ಈ ಸಲ ಅಕ್ಕಪಕ್ಕದ ಮನೆಯವರೂ ಇದ್ದರು. ಗೆದ್ದವನು ಮಾಲೆ ಬಿಚ್ಚಿ ಸೀಟಿನ ಮೇಲಿಟ್ಟು ಕಷಾಯಕ್ಕೆ ಕೈಯೊಡ್ಡಿದ. ಅತ್ತೆ ಅವನಿಗೆ ಲೋಟ ಕೊಡುತ್ತ, ನನ್ನ ಬೆನ್ನು ತಟ್ಟಿ, ಸುತ್ತಲಿನವರಿಗೆ ಕೇಳುವ ಹಾಗೆ ಹೇಳಿದಳು:

“ಎಲ್ಲರಿಗಿಂತ ಮುಂದೆ ಬಂದಂವ ಎಂಗಳ ಮನೆ ಮಾಣಿ. ಆನೇ ಎನ್ನ ಕಣ್ಣಾರೆ ನೋಡಿದ್ದಿ.”

ಬನವಾಸಿಯವನು ಒಂದು ಗುಟುಕು ಕುಡಿದು ತಲೆಯಾಡಿಸಿದ. “ಖರೇ ಅದರೀ ಅಮ್ಮಾ. ನಾನೂ ಹಿಂದಿಂದ ನೋಡೇನಿ.”