ಗೋಡೆಯ ಆಚೆ ನಿಂತು ಕಟ್ಟಿಸಿದ ಒಲೆ

ಗುತ್ಯಪ್ಪ ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯ ಗಾರೆ ಕೆಲಸದವನು. ಐವತ್ತೆಂಟನೇ ಇಸವಿಯ ಹೊತ್ತಿಗೆ ಶಿಕಾರಿಪುರ ಪೇಟೆಯ ಹಳೇ ಮನೆಗಳಲ್ಲಿ ಅಡುಗೆಮನೆ, ಬಚ್ಚಲುಮನೆ ಯಾವುದು ರಿಪೇರಿಗೆ ಬಂದರೂ ಅವನಿಗೇ ಹೇಳಿಕಳಿಸುತ್ತಿದ್ದರು. ತಾಲ್ಲೂಕಿನ ಬ್ಲಾಕ್ ಆಫೀಸಿನವರು ಹತ್ತು ಜನಕ್ಕೆ ಹೊಗೆ ಕೊಳವೆಯ ಒಲೆ ಕಟ್ಟುವುದನ್ನು ಕಲಿಸಿದ್ದರು. ಒಂಬತ್ತು ಜನ ಮರೆತರು, ಇವನೊಬ್ಬ ಅದನ್ನೇ ಹಿಡಿದು ಕೂತ. ಮಾತು ಕಡಿಮೆ, ಎಲೆಯಡಿಕೆ ಜಾಸ್ತಿ.

ಅವನ ಕೆಲಸದ ಕ್ರಮವೇ ಬೇರೆ. ಮೊದಲು ಹಿತ್ತಿಲಲ್ಲಿ ಹಸಿ ಇಟ್ಟಿಗೆ ಜೋಡಿಸಿ ಸುಳ್ಳು ಒಲೆ ಮಾಡಿ, ಮನೆಯ ಹೆಂಗಸನ್ನು ಅದರ ಮುಂದೆ ಕೂರಿಸುವುದು. ಬೆಂಕಿಯಿಲ್ಲ, ಹಿಟ್ಟಿಲ್ಲ, ಸುಮ್ಮನೆ ರೊಟ್ಟಿ ತಟ್ಟಬೇಕು. ಕೈ ಎಲ್ಲಿಗೆ ಎಟುಕುತ್ತದೆ, ಬೆನ್ನು ಎಷ್ಟು ಬಾಗುತ್ತದೆ ಎಂದು ನೋಡಿ, ಆ ಅಳತೆಗೆ ದಾರಕ್ಕೆ ಗಂಟು ಹಾಕಿಕೊಳ್ಳುತ್ತಿದ್ದ. ನಾನೂ ಹಾಗೆ ಕೂತು ಗಾಳಿಯಲ್ಲಿ ರೊಟ್ಟಿ ತಟ್ಟಿದೆ. ಪಕ್ಕದ ಮನೆಯ ನಿರ್ಮಲಮ್ಮ ಬೇಲಿ ಮೇಲಿಂದ ನೋಡಿ ಒಂದು ವಾರ ನಕ್ಕಳು.

ನಗಲಿ. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಮದುವೆಯಾಗಿ ಬಂದ ಒಂಬತ್ತು ವರ್ಷ, ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಸೌದೆ ಊದಿ ಊದಿ ನನ್ನ ಕಣ್ಣು ಹಾಳಾಗಿದ್ದವು. "ಇದೇ ಹೊಗೇಲಿ ಕೂತರೆ ಇನ್ನೆರಡು ವರ್ಷಕ್ಕೆ ಕಣ್ಣೇ ಕಾಣಲ್ಲ, ಜಗದಾಂಬ" ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು. ನಮ್ಮ ಯಜಮಾನರು ಅವತ್ತೇ ಗುತ್ಯಪ್ಪನನ್ನು ಕರೆಸಿದರು.

ಅಡ್ಡ ನಿಂತವರು ಅತ್ತೆ ಬಸವಣ್ಣೆಮ್ಮ. ಲಿಂಗ ಕಟ್ಟದವರು ನಮ್ಮ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. "ಒಲೆ ಬೇಕಾದ್ರೆ ಕಟ್ಲಿ. ಒಳಗೆ ಮಾತ್ರ ಬರೋ ಹಂಗಿಲ್ಲ" ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಗುತ್ಯಪ್ಪನಿಗೆ ಏರಲಿಲ್ಲ. "ಪ್ಯಾಟೇಲಿ ಸುಮಾರು ಮನೇಲಿ ಹಿಂಗೇ ಅವ್ವಾ. ನಾ ಗ್ವಾಡೆ ಆಚೆ ನಿಂತು ಹೇಳ್ತೀನಿ, ನೀವು ಕಟ್ಟಿ" ಎಂದ.

ಹಾಗೇ ಆಯಿತು. ಅವನು ಹಿತ್ತಿಲ ಕಡೆಯಿಂದ ಗೋಡೆ ಒಡೆದು, ಕುಂಬಾರರ ಮಣ್ಣಿನ ಕೊಳವೆಯನ್ನು ಮಾಡಿನ ಮೇಲಕ್ಕೇರಿಸಿದ. ಒಳಗೆ ನಾನು ಅವನ ಗಂಟಿನ ದಾರ ಹಿಡಿದು ಇಟ್ಟಿಗೆ ಇಟ್ಟು ಮಣ್ಣು ಮೆತ್ತಿದೆ. ಕೊಳವೆಯ ಪಕ್ಕದ ಸಂದಿನಿಂದ ಅವನ ದನಿ ಬರುತ್ತಿತ್ತು.

ಒಲೆ ಒಣಗಲು ವಾರ ಬಿಟ್ಟು, ಗುತ್ಯಪ್ಪ ಮತ್ತೆ ಹಿತ್ತಿಲಿಗೆ ಬಂದ ದಿನ ಬೆಂಕಿ ಹಾಕಿದೆ. ಹೊಗೆಯೆಲ್ಲ ತಿರುಗಿ ನನ್ನ ಮುಖಕ್ಕೇ ಬಂತು. "ನಾ ಹೇಳ್ಲಿಲ್ವಾ, ಹಳೇ ಒಲೇನೇ ಸಾಕು ಅಂತ" ಎಂದರು ಅತ್ತೆ. ನನ್ನ ಕೈಯಾರೆ ಕಟ್ಟಿ ನಾನೇ ಕೆಡಿಸಿದೆನಲ್ಲ ಎಂದು ಎದೆ ಒಡೆದುಹೋಯಿತು.

"ಸೌದೆ ಹಿರೀರಿ" ಎಂದ ಗುತ್ಯಪ್ಪ ಆಚೆಯಿಂದ. "ಒಲೆ ಆರಿದ ಮೇಲೆ ಒಂದು ಊದುಬತ್ತಿ ಹಚ್ಚಿ ಅದರ ಬಾಯಿಗೆ ಹಿಡೀರಿ. ಹೊಗೆ ಯಾವ ಕಡೆ ಹೋಗ್ತೈತೆ ಹೇಳಿ."

ಹಿಡಿದೆ. ಕಣ್ಣು ಉರಿದು ನೀರು ಸುರಿಯುತ್ತಿತ್ತು. "ನಂಗೆ ಕಾಣಲ್ಲ ಗುತ್ಯಪ್ಪಾ!" ಎಂದು ಕೂಗಿದೆ.

ಅತ್ತೆ ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿ, ಊದುಬತ್ತಿ ಕಿತ್ತುಕೊಂಡು, ನೆಲಕ್ಕೆ ಮಲಗಿಯೇಬಿಟ್ಟರು. "ಒಳಗೆ ಹೋಗಿ ಬಲಗಡೆಯಿಂದ ವಾಪಸ್ ಬರ್ತದೆ ಕಣಪ್ಪಾ!"

"ಹಂಗಾರೆ ಕೊಳವೆ ಸೇರೋ ಕಡೆ ಮಣ್ಣು ಜಾಸ್ತಿ ಆಗೈತೆ ದೊಡ್ಡವ್ವಾ. ಕೈ ಹಾಕಿ ತೆಗೀರಿ."

ಅತ್ತೆ ಭುಜದವರೆಗೆ ಕೈ ತೂರಿಸಿ, ನಾನು ಮೆತ್ತಿದ್ದ ಮಣ್ಣನ್ನು ತೆಂಗಿನಕಾಯಿ ಗಾತ್ರ ಕೆರೆದು ತೆಗೆದರು. ಮತ್ತೆ ಬೆಂಕಿ ಹಾಕಿದೆವು. ಹೊಗೆಯನ್ನು ಕೊಳವೆ ಸದ್ದಿಲ್ಲದೆ ಒಳಗೆಳೆದುಕೊಂಡಿತು. "ಬಂತು, ಮಾಡಿನ ಮೇಲೆ ಬಂತು!" ಎಂದು ಗುತ್ಯಪ್ಪ ಹಿತ್ತಿಲಲ್ಲಿ ಕೂಗಿದ. ಇವತ್ತಿಗೂ ನಾನು ಸೂಜಿಗೆ ದಾರ ಪೋಣಿಸುತ್ತೇನೆ. ಅದು ಅವರಿಬ್ಬರ ಋಣ.

ಸ್ವಲ್ಪ ಹೊತ್ತಿಗೆ ಸಂದಿನಿಂದ ದನಿ ಬಂತು. "ಒಳಗೆ ಹೆಂಗೆ ಕಾಣ್ತೈತೆ ಅವ್ವಾ? ಇಂಥ ಮನೇಲಿ ಹದಿನಾಕು ಒಲೆ ಕಟ್ಟಿಸೀನಿ. ಒಂದೂ ಉರಿಯೋದು ನೋಡಿಲ್ಲ." ನಾನು ನನಗೆ ಬಂದಷ್ಟು ಬಣ್ಣಿಸಿದೆ. ಅತ್ತೆ ಮಸಿ ಮೆತ್ತಿದ ಕೈ ತೊಳೆಯದೆ ಕೇಳುತ್ತ ನಿಂತಿದ್ದರು.

ಮರುದಿನ ಬಚ್ಚಲ ಹಂಡೆಯ ಒಲೆಯ ಸರದಿ. ನಮ್ಮ ಬಚ್ಚಲುಮನೆಗೆ ಅಡುಗೆಮನೆಯಿಂದ ಒಂದು, ಹಿತ್ತಿಲಿಂದ ಒಂದು ಬಾಗಿಲಿತ್ತು. ಬೆಳಿಗ್ಗೆ ನೋಡುತ್ತೇನೆ, ಅರವತ್ತೈದು ವರ್ಷದ ಅತ್ತೆ ಒಬ್ಬರೇ ಹಿತ್ತಿಲ ಬಾಗಿಲಿಗೆ ಅಡ್ಡವಾಗಿ ಎದೆಮಟ್ಟ ಸೌದೆ ಒಟ್ಟಿದ್ದಾರೆ. ಏನತ್ತೆ ಇದು ಎಂದರೆ, "ಬಿಸಿಲು ಇಲ್ಲೇ ಚೆನ್ನಾಗಿ ಬೀಳ್ತದೆ" ಎಂದರು.

ಗುತ್ಯಪ್ಪ ಬಂದು ಸೌದೆಯ ಮುಂದೆ ನಿಂತ. "ಬಚ್ಚಲಿಗೆ ಹೆಂಗೆ ಹೋಗ್ಲಿ ದೊಡ್ಡವ್ವಾ?"

"ಇನ್ನೆಲ್ಲಿಂದ ಹೋಗ್ತಿ? ಅಡುಗೆಮನೆ ಮೇಲೇ ಹೋಗ್ಬೇಕು" ಎಂದು ಅತ್ತೆ ಅವನ ಮುಖ ನೋಡದೆ ಗದರಿದರು. "ಕಾಲು ತೊಳ್ಕೊಂಡು ಬಾ."

ಅವನು ಹೊಸ್ತಿಲಲ್ಲಿ ಒಮ್ಮೆ ತಡೆದು, ಒಳಗೆ ಬಂದ. ಒಲೆಯ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಗುತ್ಯಪ್ಪ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಉರಿಯನ್ನೇ ನೋಡಿದ. "ಚಲೋ ಕಟ್ಟೀರಿ ಅವ್ವಾ" ಎಂದ. ನನಗೆ ಕಣ್ಣಲ್ಲಿ ನೀರು ಬಂತು. ಹೊಗೆ ಎಂದು ನೆಪ ಹೇಳೋಣವೆಂದರೆ ಅಡುಗೆಮನೆಯಲ್ಲಿ ಹೊಗೆಯೇ ಇರಲಿಲ್ಲ.