ರೋಸಾ ಎಂದು ಕೆತ್ತಿದ ಬಿಲ್ಲೆ

ಆರ್ಲೋ ಹಿಂಕೆಲ್ ನಲವತ್ತು ವರ್ಷ ನಮ್ಮೂರಿನ ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿದ. ಓದುವ ಚಟ ಅಲ್ಲಿಂದಲೇ ಅಂಟಿರಬೇಕು. ಸಂಜೆ ಮನೆಗೆ ಬಂದವನು ನೂರು ವರ್ಷ ಹಿಂದಿನ ಅಂಗಡಿಯವರ ಪಟ್ಟಿಗಳನ್ನು ಓದುತ್ತ ಕೂರುತ್ತಿದ್ದ. ಅವನು ಓದಿದ ಪಟ್ಟಿಗಳನ್ನು ಪೇರಿಸಿದ್ದರೆ ನಮ್ಮ ಅಯೋವಾದಿಂದ ಚಂದ್ರನವರೆಗೆ ಮೆಟ್ಟಿಲಾಗುತ್ತಿತ್ತು, ಉಳಿದದ್ದರಲ್ಲಿ ಹಿಡಿದುಕೊಳ್ಳಲು ಕಟಕಟೆಯೂ ಆಗುತ್ತಿತ್ತು. ಮದುವೆಯಾಗಲಿಲ್ಲ. ಹೆಣ್ಣು ಕೊಡಲು ಬಂದವರನ್ನೂ ‘ನಿಮ್ಮ ಮೂಲ ಯಾವೂರು, ಪುರಾವೆ ಏನಿದೆ’ ಎಂದು ಕೇಳಿ ಓಡಿಸಿದ ಅಂತ ನಾನೇ ಒಂದು ಕತೆ ಹಬ್ಬಿಸಿದ್ದೆ. ಅರ್ಧ ಊರು ಈಗಲೂ ಅದನ್ನು ನಂಬುತ್ತದೆ.

ನಮ್ಮದು ಬಿಲ್ಲೆ ಸಂಗ್ರಹಿಸುವವರ ಸಂಘ. ತಿಂಗಳಿಗೊಮ್ಮೆ ಲುಥೆರನ್ ಚರ್ಚಿನ ನೆಲಮಾಳಿಗೆಯಲ್ಲಿ ಸೇರುತ್ತೇವೆ. ಹಿಂದೆ ಬೇಕರಿಯವರು, ಬಾರಿನವರು, ಕ್ಷೌರದವರು ತಮ್ಮದೇ ಹಿತ್ತಾಳೆ ಬಿಲ್ಲೆ ಹೊಡೆಸುತ್ತಿದ್ದರು. ಒಂದಕ್ಕೆ ಒಂದು ಬ್ರೆಡ್ಡು, ಇನ್ನೊಂದಕ್ಕೆ ಒಂದು ಲೋಟ ಬಿಯರು. ಎಷ್ಟೋ ಬಿಲ್ಲೆಗಳ ಮೇಲೆ ಊರಿನ ಹೆಸರೇ ಇರುವುದಿಲ್ಲ. ಅವನ್ನು ನಾವು ಅನಾಥರು ಅನ್ನುತ್ತೇವೆ, ಒಂದು ಸಿಗಾರ್ ಡಬ್ಬಿಯಲ್ಲಿ ಹಾಕಿಡುತ್ತೇವೆ. ಯಾರಾದರೂ ಎರಡು ಪುರಾವೆ ತಂದರೆ ಅನಾಥನಿಗೆ ಊರು ಸಿಗುತ್ತದೆ, ಸಂಘದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಇನ್ನೊಂದು ನಿಯಮವೂ ಇದೆ: ಬಿಲ್ಲೆ ಸಿಕ್ಕ ಜಾಗವನ್ನು ಪುರಾವೆ ಅನ್ನುವಂತಿಲ್ಲ. ಬಿಲ್ಲೆಗೆ ಕಾಲಿಲ್ಲದಿದ್ದರೂ ಜೇಬುಗಳಿಗೆ ಇರುತ್ತವೆ.

ಈ ನಿಯಮವನ್ನು ಹೊಸಬರಿಗೆ ಬೋಧಿಸುತ್ತಿದ್ದವನು ಆರ್ಲೋನೇ. ಮುರಿದವನೂ ಅವನೇ.

೧೯೭೮ರಲ್ಲಿ ದೋಣಿಕಟ್ಟೆಯ ಹತ್ತಿರ ಗ್ಯಾಸ್ ಪೈಪಿಗೆ ಅಗೆಯುವಾಗ ಒಂದು ಬಿಲ್ಲೆ ಸಿಕ್ಕಿತು. ಮುಂದೆ ‘ಜಿ. ಲೆಂಕ್, ಒಂದು ಬಿಯರಿಗೆ’ ಎಂದು ಅಚ್ಚು. ಹಿಂಬದಿಯನ್ನು ಯಾರೋ ಉಜ್ಜಿ ನುಣುಪು ಮಾಡಿ, ಚಾಕುವಿನ ಮೊನೆಯಿಂದ ಒಂದು ಹಕ್ಕಿ ಕೆತ್ತಿ, ಕೆಳಗೆ ‘ರೋಸಾ’ ಎಂದು ಬರೆದಿದ್ದರು. ನಮ್ಮೂರಿನ ೧೮೮೯ರ ಪಟ್ಟಿಯಲ್ಲಿ ಜಿ. ಲೆಂಕ್ ಎಂಬ ಬಾರಿನವನಿದ್ದ. ಅದು ಒಂದು ಪುರಾವೆ. ಸಿಕ್ಕಿದ್ದೂ ನಮ್ಮೂರಲ್ಲೇ, ಇನ್ನೇನು ಬೇಕು ಅಂದುಕೊಂಡ ಆರ್ಲೋ. ಅಚ್ಚಾಯಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು, ನಾನು ಎಲ್ಲರಿಗಿಂತ ಜೋರಾಗಿ.

ಪತ್ರಿಕೆ ಹೇಗೋ ವಿಸ್ಕಾನ್ಸಿನ್ನಿನ ಅಡೆಲ್ ಎಂಬಾಕೆಯ ಕೈ ಸೇರಿತು. ಅವಳ ತಾತ ಗುಸ್ತಾವ್ ಲೆಂಕ್. ಅವನ ಮಗಳು, ಅಂದರೆ ಅಡೆಲಳ ತಾಯಿ, ರೋಸಾ. ರೋಸಾ ಎರಡು ವರ್ಷದವಳಿದ್ದಾಗ ದುಡಿದು ಕರೆಸಿಕೊಳ್ಳುತ್ತೇನೆಂದು ಪಶ್ಚಿಮಕ್ಕೆ ಹೋದ ಗುಸ್ತಾವ್ ಮತ್ತೆ ಕಾಗದ ಬರೆಯಲಿಲ್ಲ. ಅಪ್ಪ ತನ್ನನ್ನು ಬೇಡವೆಂದು ಬಿಟ್ಟುಹೋದ ಅಂತಲೇ ನಂಬಿ ರೋಸಾ ಕೊನೆಯುಸಿರೆಳೆದಿದ್ದಳು. ಅಡೆಲ್ ನಮ್ಮೂರಿಗೆ ಬಂದಾಗ ಆರ್ಲೋ ನಮ್ಮ ಸ್ಮಶಾನದ ದಾಖಲೆಯನ್ನೂ ತೆಗೆದು ತೋರಿಸಿದ: ಜಿ. ಲೆಂಕ್, ವಿಷಮಶೀತಜ್ವರ, ೧೮೯೧, ದಿಕ್ಕಿಲ್ಲದವರ ಸಾಲು. ಅವಳು ಆ ಪುಟದ ಮೇಲೆ ಬೆರಳಾಡಿಸಿದಳು. ಬಿಟ್ಟುಹೋಗಿರಲಿಲ್ಲ, ಸತ್ತುಹೋಗಿದ್ದ. ಅವಳಿಗೆ ಅಷ್ಟೇ ಸಾಕಾಗಿತ್ತು. ‘ಗುಸ್ತಾವ್ ಲೆಂಕ್, ರೋಸಾಳ ತಂದೆ’ ಎಂದು ಕಲ್ಲು ನೆಡಿಸಿದಳು. ಸತ್ತವರನ್ನು ನೆನೆಯುವ ಮೇ ತಿಂಗಳ ಕೊನೆಯ ಸೋಮವಾರ ಪ್ರತಿ ವರ್ಷ ಬಕೆಟ್ಟಿನಲ್ಲಿ ಪಿಯೊನಿ ಹೂ ತುಂಬಿಕೊಂಡು ಬರುತ್ತಿದ್ದಳು. ಜೊತೆಗೆ ರೂಬಾರ್ಬ್ ಎಂಬ ಹುಳಿದಂಟಿನ ಪೈ. ಅದರ ಹುಳಿಗೆ ನನ್ನ ಕಟ್ಟಿಸಿದ ಹಲ್ಲುಗಳು ಸಹ ಜುಮ್ಮೆನ್ನುತ್ತಿದ್ದವು. ಆರ್ಲೋ ಮಾತ್ರ ಮೂರು ತುಂಡು ತಿನ್ನುತ್ತಿದ್ದ. ಅವನ ಬದುಕಿನಲ್ಲಿ ಯಾರಾದರೂ ಅವನಿಗಾಗಿ ಏನನ್ನಾದರೂ ಬೇಯಿಸಿ ತಂದದ್ದು ಅದೊಂದೇ.

ತೊಂಬತ್ತಮೂರರಲ್ಲಿ ನೆಬ್ರಾಸ್ಕಾದ ಒಬ್ಬ ಸಂಗ್ರಾಹಕ ಪೊಟ್ಟಣ ಕಳಿಸಿದ. ಅವರೂರಿನ ಹಳೆಯ ಬಾರೊಂದನ್ನು ಕೆಡವುವಾಗ ಗೋಡೆಯೊಳಗಿಂದ ತಗಡಿನ ಡಬ್ಬಿ ಬಿತ್ತಂತೆ, ಅದರಲ್ಲಿ ಅದೇ ಜಿ. ಲೆಂಕ್ ಬಿಲ್ಲೆ ಅರವತ್ತು, ಅವನ್ನು ಹೊಡೆಸಿದ ರಸೀದಿ. ಜೊತೆಗೆ ೧೯೦೪ರ ಪೇಪರಿನ ತುಂಡು: ವಿಸ್ಕಾನ್ಸಿನ್ನಿನಿಂದ ಬಂದು ಬಾರು ನಡೆಸಿ ಊರಿನ ಗಣ್ಯನಾದ ಗುಸ್ತಾವ್ ಲೆಂಕ್, ಹೆಂಡತಿ, ನಾಲ್ಕು ಮಕ್ಕಳು, ಹೊಸ ಕುದುರೆಗಾಡಿ. ನಮ್ಮ ಸ್ಮಶಾನದಲ್ಲಿ ಮಲಗಿದ್ದವನು ಯಾರೆಂದು ಆರ್ಲೋ ಚರ್ಚಿನ ಪುಸ್ತಕ ತೆಗೆಸಿ ನೋಡಿದ. ಗಾಟ್‌ಲೀಬ್ ಲೆಂಕ್, ಇಪ್ಪತ್ತೆರಡು ವರ್ಷ, ಅವಿವಾಹಿತ.

ತಪ್ಪು ಅಚ್ಚು ಹಾಕಿಸಿದವನೇ ಎದ್ದು ನಿಂತು, ಸಂಘದ ಪ್ರತಿಯಲ್ಲಿ ಕೆಂಪು ಪೆನ್ಸಿಲಿನಿಂದ ಅದನ್ನು ಹೊಡೆದುಹಾಕಬೇಕು. ಅದು ನಮ್ಮ ಪದ್ಧತಿ. ಆರ್ಲೋ ಹೊಡೆದುಹಾಕಿದ. ಪುಟ ಹರಿಯುವಷ್ಟು ಒತ್ತಿದ. ಆಮೇಲೆ ಮೆಟ್ಟಿಲ ಹತ್ತಿರ ಅವನನ್ನು ಹಿಡಿದುಕೊಂಡೆ.

“ಅವಳಿಗೆ ಹೇಳಬೇಡ ಕಣೋ,” ಅಂದೆ. “ಎಪ್ಪತ್ತಮೂರು ವರ್ಷದ ಮುದುಕಿ. ಇನ್ನೆಷ್ಟು ಸಲ ಹೂ ತರ್ತಾಳೆ?”

“ಪತ್ರಿಕೆ ಅವಳಿಗೂ ಹೋಗುತ್ತೆ. ಅದರಲ್ಲಿ ಓದೋಕ್ಕಿಂತ ನನ್ನ ಬಾಯಲ್ಲೇ ಕೇಳಲಿ.”

“ಹಂಗಾದ್ರೆ ಪೂರ್ತಿ ಹೇಳು. ಬಿಲ್ಲೆ ಮೇಲೆ ಮಗಳ ಹೆಸರು ಕೆತ್ಕೊಂಡಿದ್ದ. ನೆಬ್ರಾಸ್ಕಾದಿಂದ ವಿಸ್ಕಾನ್ಸಿನ್‌ಗೆ ಹೋಗೋ ದಾರೀಲಿ ನಮ್ಮೂರು. ವಾಪಸ್ ಹೊರಟಿದ್ದ, ಇಲ್ಲಿ ಬೀಳಿಸಿಕೊಂಡ ಅನ್ನು.”

“ಹೊರಟಿದ್ದ ಅನ್ನೋಕೆ ಪುರಾವೆ?”

“ಇಲ್ಲೇ ಸಿಕ್ತಲ್ಲ ಮಾರಾಯ.”

ಅವನು ನನ್ನ ಮುಖವನ್ನೇ ನೋಡಿದ. ಆಗ ನನಗೆ ನಾನು ಆಡಿದ ಮಾತು ತಿಳಿಯಿತು. ಅದೇ ಹಳೆಯ ತಪ್ಪನ್ನು ಎರಡನೇ ಸಲ ಮಾಡು ಅಂದಿದ್ದೆ.

ಮೇ ತಿಂಗಳಲ್ಲಿ ಅಡೆಲ್ ಬಂದಳು. ಸಮಾಧಿಯ ಹತ್ತಿರ ನಿಂತೇ ಆರ್ಲೋ ಎಲ್ಲವನ್ನೂ ಹೇಳಿದ, ಮೀಟರ್ ಓದಿ ಒಪ್ಪಿಸುವವನ ಹಾಗೆ, ಏರಿಳಿತವಿಲ್ಲದೆ. ಪೇಪರಿನ ತುಂಡನ್ನು ಕೈಗೆ ಕೊಟ್ಟ. ಅವಳು ಓದಿ ಮಡಿಸಿದಳು. ನಾನು ಬಕೆಟ್ಟು ಹಿಡಿದು ನಿಂತಿದ್ದೆ. ಜೀವಮಾನದಲ್ಲಿ ಮೊದಲ ಸಲ ನನಗೆ ಒಂದು ತಮಾಷೆಯೂ ಹೊಳೆಯಲಿಲ್ಲ.

“ಅಮ್ಮನ ಹೆಸರು ಕೆತ್ತಿದ್ದನಲ್ಲ,” ಅಂದಳು. “ವಾಪಸ್ ಬರ್ತಾ ಇದ್ದನೇನೋ, ಅಲ್ವಾ ಆರ್ಲೋ?”

ಆರ್ಲೋ ಟೋಪಿ ತೆಗೆದು ಅದರೊಳಗೆ ನೋಡಿದ.

“ನನಗೆ ಗೊತ್ತಿಲ್ಲಮ್ಮ. ಕೆತ್ತಿದ್ದು ಅವನೇ ಅನ್ನೋಕೂ ಪುರಾವೆ ಇಲ್ಲ. ಆ ರೋಸಾ ಬೇರೆ ಯಾರೋ ಆಗಿರಬಹುದು.”

ಅವಳು ಹೂವನ್ನು ಅಲ್ಲಿಟ್ಟಳೋ ವಾಪಸ್ ಒಯ್ದಳೋ ಎಂದು ಜನ ಕೇಳುತ್ತಾರೆ. ಇಟ್ಟಳು. ಇವನೂ ಯಾರೋ ಒಬ್ಬರ ಮಗ ತಾನೇ ಅಂದಳು. ಪೈ ಮಾತ್ರ ಕಾರಿನಲ್ಲೇ ಉಳಿಯಿತು. ಮರುವರ್ಷ ಬರಲಿಲ್ಲ, ಆಮೇಲೆಯೂ ಇಲ್ಲ.

ಆಮೇಲೆ ಪ್ರತಿ ಮೇ ತಿಂಗಳು ಆರ್ಲೋನೇ ಪಿಯೊನಿ ಇಡುತ್ತಿದ್ದ. ಗಾಟ್‌ಲೀಬ್‌ನ ಹೆತ್ತವರಿಗಾಗಿ ಒಂಬತ್ತು ವರ್ಷ ಹುಡುಕಿದ. ಮೂರು ರಾಜ್ಯಗಳ ಪಟ್ಟಿ ಮುಗಿಸಿದ, ಹಡಗುಗಳ ಪಟ್ಟಿಯನ್ನೂ ಮುಗಿಸಿದ, ಕಣ್ಣು ಮುಗಿಯಿತು. ಏನೂ ಸಿಗಲಿಲ್ಲ. ಫೆಬ್ರವರಿಯಲ್ಲಿ ಸತ್ತ. ಹೂಳಲು ಬಂದ ಆರು ಜನರಲ್ಲಿ ನಾಲ್ವರು ಅವನ ಸಂಗ್ರಹ ಯಾರ ಪಾಲಾಗುತ್ತದೆಂದು ಕೇಳಲು ಬಂದವರು.

ಅವನ ಮೇಜಿನಲ್ಲಿ ಆ ಬಿಲ್ಲೆಯನ್ನಿಟ್ಟ ಪುಟ್ಟ ಲಕೋಟೆ ಸಿಕ್ಕಿತು. ಮೇಲೆ ಶಾಯಿಯಲ್ಲಿ: ‘ಮೂಲ: ನೆಬ್ರಾಸ್ಕಾ. ಪುರಾವೆ: ಎರಡು.’ ಅದರ ಕೆಳಗೆ ಪೆನ್ಸಿಲಿನಲ್ಲಿ, ನಡುಗುವ ಅಕ್ಷರದಲ್ಲಿ: ‘ಮನೆಗೆ ಹೊರಟಿದ್ದನೇನೋ.’ ನಲವತ್ತು ವರ್ಷದಲ್ಲಿ ಆ ಮನುಷ್ಯ ಒಂದು ಲಕೋಟೆಯ ಮೇಲೂ ‘ಏನೋ’ ಎಂದು ಬರೆದವನಲ್ಲ.

ಲಕೋಟೆಯನ್ನು ಹಾಗೆಯೇ ಅಡೆಲಳ ವಿಳಾಸಕ್ಕೆ ಅಂಚೆಗೆ ಹಾಕಿದೆ. ಮೂರು ವಾರಕ್ಕೆ ವಾಪಸ್ ಬಂತು. ವಿಳಾಸದಾರರು ತೀರಿಕೊಂಡಿದ್ದಾರೆ ಎಂದು ಮುದ್ರೆಯಿತ್ತು.

ಊರು ಸಿಕ್ಕ ಬಿಲ್ಲೆಯನ್ನು ಅನಾಥರ ಡಬ್ಬಿಗೆ ಹಾಕುವಂತಿಲ್ಲ. ನಿಯಮ ನನಗೂ ಗೊತ್ತು. ಆದರೂ ಅಲ್ಲಿಯೇ ಹಾಕಿದ್ದೇನೆ.