ಹಿಂದಕ್ಕೆ ಬಗ್ಗುವ ತೋಳು

ನಾನು ಒಂದು ಒಳಾಂಗಣ ಕ್ರೀಡಾಂಗಣದಲ್ಲಿ ಸಂಬಳಕ್ಕಿದ್ದೇನೆ. ನೆಟ್ ಕಟ್ಟುವುದು, ಚೆಂಡಿಗೆ ಗಾಳಿ ಹೊಡೆಯುವುದು, ನೆಲ ಒರೆಸುವುದು ನನ್ನ ಕೆಲಸ. ನೆಂಟರ ಮುಂದೆ ಅಮ್ಮ ಇದನ್ನು ‘ಕ್ರೀಡಾ ಕ್ಷೇತ್ರ’ ಎನ್ನುತ್ತಾಳೆ. ಅಟ್ಟದ ಮೇಲಿನ ಡಬ್ಬಿ ತೆಗೆಯಲು ನನಗೆ ಸ್ಟೂಲು ಬೇಕೆಂಬುದನ್ನು ಹೇಳುವುದಿಲ್ಲ.

ಸೇರಿದ ಹೊಸತರಲ್ಲಿ ವಾಲಿಬಾಲ್ ಮೇಷ್ಟ್ರನ್ನು ಕಂಡರೆ ನನಗೆ ಭಯ. ಹುಡುಗಿಯರು ಎಗರಿ ಚೆಂಡು ಬಡಿಯುವಾಗ ಎಲ್ಲರ ಕಣ್ಣು ಚೆಂಡಿನ ಮೇಲಿದ್ದರೆ, ಅವರು ಗೋಡೆಗೆ ಮುಖಮಾಡಿ ಕಿವಿಗೊಟ್ಟು ನಿಲ್ಲುತ್ತಿದ್ದರು. ನೆಟ್ಟಿನ ಬಲಬದಿಯ ಒಂದು ಜಾಗವನ್ನಂತೂ ತುಳಿಯುತ್ತಲೇ ಇರಲಿಲ್ಲ, ಸುತ್ತು ಹಾಕಿ ಹೋಗುತ್ತಿದ್ದರು. ನಾನು ಮೊದಲೇ ಪುಕ್ಕಲ. ಅಲ್ಲೇನೋ ದೆವ್ವ ಇರಬೇಕೆಂದು ಆ ಜಾಗ ಒರೆಸುವುದನ್ನೇ ಬಿಟ್ಟೆ. ಧೂಳು ಕೂತು ಬೈಸಿಕೊಂಡೆ.

ಹಿಂದೊಮ್ಮೆ ಆಡುವಾಗ ಅಲ್ಲಿ ಒಬ್ಬಳು ಬಿದ್ದಿದ್ದಳು, ಅವಳು ಮೇಷ್ಟ್ರ ಅಕ್ಕನ ದೊಡ್ಡ ಮಗಳು ಎಂದು ಆಮೇಲೆ ತಿಳಿಯಿತು. ಸತ್ತಿಲ್ಲ, ಪಕ್ಕದ ಬೀದಿಯ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅವಳ ತೋಳು ರಬ್ಬರಿನಂತೆ ಹಿಂದಕ್ಕೆ ಬಗ್ಗುತ್ತಿತ್ತಂತೆ. ಬಿಲ್ಲು ಬಗ್ಗಿದಷ್ಟೂ ಬಾಣ ದೂರ ಎಂಬುದು ಆಗ ಮೇಷ್ಟ್ರ ನಂಬಿಕೆ. ದಿನಾ ಬೆಳಗ್ಗೆ ತಾವೇ ಹಿಂದೆ ನಿಂತು ಆ ತೋಳನ್ನು ಇನ್ನಷ್ಟು ಜಗ್ಗುತ್ತಿದ್ದರು. ಬಂದವರಿಗೆಲ್ಲ ಬಗ್ಗಿಸಿ ತೋರಿಸುತ್ತಿದ್ದರು. ಸಡಿಲ ಕೀಲನ್ನು ಹಿಡಿದಿಡಲು ಸುತ್ತಲಿನ ಸ್ನಾಯುವಿಗೆ ಬಲ ಬೇಕೆಂದು ಹೊಳೆಯಲೇ ಇಲ್ಲ. ಒಂದು ಪಂದ್ಯದಲ್ಲಿ ಚೆಂಡು ನೆಟ್ಟಿನ ಆಚೆ ಹೋಯಿತು, ಭುಜ ಗೂಡಿನಿಂದ ಈಚೆ ಬಂತು. ಆ ಸದ್ದು ಮೇಷ್ಟ್ರ ಕಿವಿ ಬಿಟ್ಟಿಲ್ಲ. ಚಿಲಕ ಬಿದ್ದರೂ, ಯಾರಾದರೂ ಬೆರಳಿನ ನೆಟಿಗೆ ತೆಗೆದರೂ ಮುಖ ಬಿಳಿಚಿಕೊಳ್ಳುತ್ತದೆ. ನನಗೆ ಆ ಚಟವಿತ್ತು, ಬಿಟ್ಟೆ.

ಅಲ್ಲಿಂದ ಮುಂದೆ ಅವರ ಪಾಠವೇ ಬೇರೆಯಾಯಿತು. ಕಿಟಕಿ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ, ಮೊಣಕೈಗೂ ಪಕ್ಕೆಗೂ ನಡುವೆ ಮಡಿಸಿದ ಟವೆಲು ಸಿಕ್ಕಿಸಿ ಎಳೆಯಬೇಕು. ಟವೆಲು ಬಿದ್ದರೆ ಮೊದಲಿಂದ. ಕೊನೆಗೆ ಚಾಚಿದ ತೋಳನ್ನು ಮೇಷ್ಟ್ರು ಅಂಗೈಯಿಂದ ಕೆಳಕ್ಕೆ ಒತ್ತುತ್ತಾರೆ. ತೋಳು ನಡುಗಿದರೆ ಅವಳು ಎಗರಿ ಚೆಂಡು ಬಡಿಯುವಂತಿಲ್ಲ.

ಈ ಪರೀಕ್ಷೆಯಿಂದ ಒಬ್ಬಳನ್ನು ಮಾತ್ರ ದೂರವಿಟ್ಟಿದ್ದರು: ದೊಡ್ಡವಳ ತಂಗಿ ಪುಟ್ಟಿ. ಅವಳದೂ ಅದೇ ತೋಳು. ಭಾನುವಾರ ಕಿರಿಯರ ತಂಡದ ಆಯ್ಕೆ, ವಯಸ್ಸಿನ ಮಿತಿಯಲ್ಲಿ ಅವಳಿಗದು ಕೊನೆಯ ಅವಕಾಶ. ಮೇಷ್ಟ್ರು ಬೇಡವೆಂದರು.

“ಮುಟ್ಟಿಯೂ ನೋಡದೆ ಬೇಡ ಅಂತೀರಲ್ಲ ಮಾವ,” ಎಂದಳು ಪುಟ್ಟಿ. “ಅಕ್ಕನ ಭುಜ ಜಾರಿದ್ರೆ ನಾನ್ಯಾಕೆ ಬೆಂಚ್ ಕಾಯ್ಬೇಕು? ಪಂಪ್ ಹೊಡ್ದು ಹೊಡ್ದು ಇವನ ಭುಜಾನೇ ನನ್ನದಕ್ಕಿಂತ ಗಟ್ಟಿ ಅಂತ ಅನ್ಸಿದ್ರೆ ಇವನನ್ನೇ ಕಳಿಸಿ.”

ಇವನು ಎಂದರೆ ನಾನು. ಕಳೆಯದೇ ಇದ್ದ ಪಂಪಿನ ಸೂಜಿಯನ್ನು ಹುಡುಕಲು ಬಗ್ಗಿದೆ.

ಮರುದಿನ ಸಂಜೆ ಪುಟ್ಟಿ ಅಕ್ಕನನ್ನೇ ಕರೆತಂದಳು. ಬಿದ್ದ ಮೇಲೆ ದೊಡ್ಡವಳು ಆ ಕಡೆ ತಲೆ ಹಾಕಿರಲಿಲ್ಲ. ನೇರ ಬಂದವಳೇ ಮೇಷ್ಟ್ರು ತುಳಿಯದ ಜಾಗದ ಮೇಲೆ ನಿಂತಳು.

“ಬಿದ್ದವಳು ನಾನು. ಎದ್ದು ಹೋಗಿ ಎಷ್ಟೋ ಕಾಲ ಆಯ್ತು, ನೀವೇ ಇನ್ನೂ ಇಲ್ಲಿದ್ದೀರಿ,” ಎಂದಳು. “ಅವಳ ಕೈ ಹಿಡಿದು ನೋಡಿ ಮಾವ. ಗಟ್ಟಿ ಇದ್ರೆ ಕಳಿಸಿ, ಇಲ್ದಿದ್ರೆ ಇಲ್ಲ ಅನ್ನಿ. ನನ್ನ ಕಾರಣ ಕೊಡ್ಬೇಡಿ.”

ಪುಟ್ಟಿ ತೋಳು ಚಾಚಿದಳು. ಮೇಷ್ಟ್ರ ಅಂಗೈ ಅದರ ಹತ್ತಿರ ಹೋಗಿ ನಿಂತಿತು, ಮತ್ತೆ ಮುಂದೆ ಹೋಯಿತು. ಎಡತೋಳನ್ನು ಒತ್ತಿದರು, ಕಬ್ಬಿಣ. ಪುಟ್ಟಿ ನಕ್ಕಳು. ಬಲತೋಳನ್ನು ಒತ್ತಿದರು. ಅದು ಸ್ವಲ್ಪ ಹೊತ್ತು ತಡೆಯಿತು, ಸಣ್ಣಗೆ ನಡುಗಿತು, ಇಳಿಯಿತು. ಮೇಷ್ಟ್ರು ಇನ್ನೊಮ್ಮೆ, ಈ ಸಲ ತೀರಾ ಹಗುರಾಗಿ ಒತ್ತಿದರು. ಆಗಲೂ ಇಳಿಯಿತು.

“ಇನ್ನೂ ಇಲ್ಲ ಪುಟ್ಟಿ,” ಎಂದರು, ಇಳಿದ ಕೈಯ ಮಣಿಕಟ್ಟು ಹಿಡಿದು.

ಪುಟ್ಟಿ ಜಗಳವಾಡಲಿಲ್ಲ. ತೋಳು ಅವಳದೇ, ಸೋತದ್ದನ್ನು ಬೇರೆ ಯಾರೂ ಹೇಳಬೇಕಿರಲಿಲ್ಲ. ವಕಾಲತ್ತಿಗೆ ಬಂದಿದ್ದ ದೊಡ್ಡವಳು ತಂಗಿಯ ಚೀಲ ಎತ್ತಿಕೊಂಡಳು. ಹೊರಡಲು ನೋಡಿದರೆ ಮೇಷ್ಟ್ರು ಪುಟ್ಟಿಯ ಮಣಿಕಟ್ಟು ಬಿಟ್ಟಿರಲಿಲ್ಲ. ಅವರಿಗದು ಗೊತ್ತಿದ್ದಂತೆಯೂ ಕಾಣಲಿಲ್ಲ. ಕೊನೆಗೆ ದೊಡ್ಡವಳೇ ಚೀಲ ಕೆಳಗಿಟ್ಟು, ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.